ಮದ್ದಿನ ಜೊತೆಗೊಂದಿಷ್ಟು ಗಂಜಿ: ಖಿನ್ನತೆ, ಆತಂಕದ ದಿನಗಳಲ್ಲಿ ಹಾಡನ್ನು ಬಳಸುವ ಬಗೆ

ಶಿರಸಿ ಕಡೆಯ ಮಳೆಗಾಲ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ತೋಟದಲ್ಲಿ ಅಡಿಕೆಗೆ ಕೊಳೆ ಬಂತೋ ಇಲ್ಲವೋ ಎಂಬ ಚಿಂತೆ ಬೇರೆ. ಅಂಥದೊಂದು ಮಳೆಗಾಲದಲ್ಲಿ ನನಗೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಆಗದಾಯಿತು. ಊಟ ಸೇರುತ್ತಿರಲಿಲ್ಲ, ರಾತ್ರಿ ನಿದ್ದೆ ಇಲ್ಲ, ಸುಮ್ನೆ ಕೂತರೂ ಎದೆ ಢವಢವ. ಮನೆಯಲ್ಲಿ, "ಮಳೆಗಾಲಕ್ಕೆ ಹಂಗೇ ಆಗ್ತು, ಬಿಸ್ಲು ಬಂದ್ರೆ ಸಮಾ ಆಗ್ತು" ಅಂದರು. ಬಿಸಿಲು ಬಂತು. ನಾನು ಸಮ ಆಗಲಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಖಿನ್ನತೆ, ಜೊತೆಗೆ ಆತಂಕವೂ ಇದೆ ಅಂದರು. ಮಾತ್ರೆ ಬರೆದರು. ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಹಾಡನ್ನು ಹೇಗೆ ಬಳಸಬಹುದು ಎಂದು ನನಗೆ ತೋರಿಸಿಕೊಟ್ಟವರು ಈ ಸಮಾಲೋಚಕರೇ. ಜ್ವರ ಬಂದಾಗ ನಮ್ಮಲ್ಲಿ ಮದ್ದಿನ ಜೊತೆ ಗಂಜಿ ಕೊಡುತ್ತಾರಲ್ಲ, ನನ್ನ ಮಟ್ಟಿಗೆ ಹಾಡು ಆ ಗಂಜಿ. ಗಂಜಿ ಕುಡಿದು ಜ್ವರ ಬಿಡುವುದಿಲ್ಲ. ಆದರೆ ಗಂಜಿ ಇಲ್ಲದೆ ಬರೀ ಮಾತ್ರೆ ನುಂಗಿ ನೋಡಿ, ಎದ್ದು ನಿಲ್ಲುವ ಶಕ್ತಿ ಬರುವುದು ಕಷ್ಟ.

ಆಮೇಲಿನ ದಿನಗಳಲ್ಲಿ ಮಾಡಿ ನೋಡಿದ್ದನ್ನು, ಎಡವಿದ್ದನ್ನು, ಓದಿ ತಿಳಿದಿದ್ದನ್ನು ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಡಿಗೂ ಮೊದಲು

ನಿಮ್ಮದು ಸಾದಾ ಬೇಜಾರೋ, ಕಾಯಿಲೆಯೋ ನೋಡಿಕೊಳ್ಳಿ. ಬೇಜಾರು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನ್ನಿಸಿದರೆ, ನಿದ್ದೆ, ಹಸಿವು, ಕೆಲಸ ಮೂರೂ ಕೆಟ್ಟರೆ ಅದನ್ನು ಮಳೆಯ ತಲೆಗೆ ಕಟ್ಟಬೇಡಿ. ವೈದ್ಯರು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಕಳೆದ ಎರಡು ವಾರ ಹೇಗಿತ್ತು ಎಂದು ಕೇಳುವ ಪಟ್ಟಿ ಅದು. ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಆತಂಕಕ್ಕೆ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಇನ್ನೊಂದು ಪಟ್ಟಿ ಇದೆ.

ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ, ಒಬ್ಬರೇ ಇರಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಘಟ್ಟದ ಮೇಲಿನವರಲ್ಲಿ ಹಲವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಹೋಗುತ್ತಾರೆ. ಇಷ್ಟು ದೂರ ಹೋಗುವುದು ಕಷ್ಟವಾದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ತಜ್ಞರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ.

ಮಾತ್ರೆ ಶುರುವಾಗಿದ್ದರೆ ಇನ್ನೊಂದು ಮಾತು. ಖಿನ್ನತೆಯ ಮಾತ್ರೆ ಪರಿಣಾಮ ತೋರಿಸಲು ಕೆಲವು ವಾರ ಬೇಕು. ಹಾಡು ಕೇಳಿ ಹಗುರ ಅನ್ನಿಸಿತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ.

ಸಂಗೀತ ಚಿಕಿತ್ಸೆ ಅಂದರೆ ಯಾವುದು, ಯಾವುದಲ್ಲ

ಮನೆಯಲ್ಲಿ ಹಾಡು ಹಾಕಿಕೊಂಡು ಕೇಳುವುದಕ್ಕೆ ಸಂಗೀತ ಚಿಕಿತ್ಸೆ ಅನ್ನುವುದಿಲ್ಲ. ತರಬೇತಿ ಪಡೆದ ಚಿಕಿತ್ಸಕರು ನಿಮ್ಮ ಸ್ಥಿತಿ ನೋಡಿ, ಒಂದು ಗುರಿ ಇಟ್ಟುಕೊಂಡು, ಇಂತಿಷ್ಟು ಸಲ ಕೂರಿಸಿ ಮಾಡುವುದು ಸಂಗೀತ ಚಿಕಿತ್ಸೆ. ಅಲ್ಲಿ ಬರೀ ಕೇಳುವುದಿಲ್ಲ. ಹಾಡುತ್ತಾರೆ, ಬಾರಿಸುತ್ತಾರೆ, ಮನಸ್ಸಿಗೆ ಬಂದದ್ದನ್ನು ನುಡಿಸುತ್ತಾರೆ, ಆಮೇಲೆ ಅದರ ಬಗ್ಗೆ ಮಾತಾಡುತ್ತಾರೆ. ಸಂಗೀತ ಕಲಿತಿರಬೇಕು ಎಂದೇನೂ ಇಲ್ಲ.

ಇದರಿಂದ ಉಪಯೋಗ ಇದೆಯಾ? ಫಿನ್ಲೆಂಡಿನಲ್ಲಿ ಖಿನ್ನತೆ ಇದ್ದ 79 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು. 2011ರಲ್ಲಿ ಅದು ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆ ಸಂಗೀತ ಚಿಕಿತ್ಸೆಯನ್ನೂ ಪಡೆದವರು ಮೂರು ತಿಂಗಳಲ್ಲಿ ಉಳಿದವರಿಗಿಂತ ಜಾಸ್ತಿ ಸುಧಾರಿಸಿದ್ದರು. 2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕೊಕ್ರೇನ್ ಸಂಸ್ಥೆ ಇಂಥ ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಒಟ್ಟು 421 ಜನ. ಮಾಮೂಲಿ ಚಿಕಿತ್ಸೆಯ ಜೊತೆ ಸೇರಿಸಿದರೆ ಖಿನ್ನತೆಯೂ ಆತಂಕವೂ ಸ್ವಲ್ಪ ಕಾಲಕ್ಕಾದರೂ ಕಡಿಮೆಯಾಗುತ್ತವೆ ಎಂದು ಅವರಿಗೆ ಕಂಡಿತು. ಎರಡೂ ಕಡೆ "ಜೊತೆ" ಎಂಬ ಮಾತು ಇದೆ, ಗಮನಿಸಿದಿರಲ್ಲ?

ನಮ್ಮೂರಲ್ಲಿ ಸಂಗೀತ ಚಿಕಿತ್ಸಕರು ಸಿಗುವುದು ಕಷ್ಟ. ಆದರೆ ಅವರು ಬಳಸುವ ಕೆಲವು ಉಪಾಯಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಹಾಡಿನ ಪಟ್ಟಿ: ಅಳುವವರ ಜೊತೆ ಮೊದಲು ಕೂರಿ

ನಾನು ಮಾಡಿದ ಮೊದಲ ತಪ್ಪು ಹೇಳುತ್ತೇನೆ. ಬೇಜಾರಾದರೆ ಖುಷಿಯ ಹಾಡು ಹಾಕಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಮದುವೆ ಮನೆಯ ಕುಣಿತದ ಹಾಡು ಹಾಕಿದೆ. ಎರಡೇ ನಿಮಿಷಕ್ಕೆ ಸಿಟ್ಟು ಬಂದು ಬಂದ್ ಮಾಡಿದೆ. ಲೋಕವೆಲ್ಲ ಕುಣಿಯುತ್ತಿದೆ, ನಾನೊಬ್ಬನೇ ಕೆಳಗೆ ಬಿದ್ದಿದ್ದೇನೆ ಅನ್ನಿಸಿತ್ತು.

ಎರಡನೇ ತಪ್ಪು ಇದರ ಉಲ್ಟಾ. ರಾತ್ರಿಯಿಡೀ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೇ ವಿರಹದ ಹಾಡನ್ನು ತಿರುಗಿಸಿ ತಿರುಗಿಸಿ ಕೇಳಿದೆ. ಕೇಳುವಾಗ ಹಿತವಾಗಿತ್ತು. ಬೆಳಿಗ್ಗೆ ಮತ್ತಷ್ಟು ಕುಸಿದಿದ್ದೆ.

ಇವೆರಡರ ನಡುವೆ ಒಂದು ದಾರಿ ಇದೆ. ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಹೇಳಿದ್ದು. ಐಸೋ ತತ್ವ ಅನ್ನುತ್ತಾರೆ. ಮನಸ್ಸು ಈಗ ಹೇಗಿದೆಯೋ ಅದಕ್ಕೆ ಹೊಂದುವ ಸಂಗೀತದಿಂದ ಶುರು ಮಾಡಬೇಕು. ಆಮೇಲೆ ಒಂದೊಂದೇ ಹೆಜ್ಜೆಯಾಗಿ, ಮನಸ್ಸು ಎಲ್ಲಿಗೆ ಹೋಗಬೇಕೋ ಅತ್ತ ಸಂಗೀತವನ್ನು ಬದಲಿಸಬೇಕು. ಸಾವಿನ ಮನೆಗೆ ಹೋದವರು ಹೊಸಿಲಲ್ಲೇ "ಎದ್ದು ನಗು" ಅನ್ನುತ್ತಾರೆಯೇ? ಮೊದಲು ಪಕ್ಕ ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮಾತು, ಆಮೇಲೆ ಒಂದು ಲೋಟ ಚಹಾ. ಹಾಡಿನ ಪಟ್ಟಿಯೂ ಹಾಗೇ.

ಪಟ್ಟಿ ಮಾಡುವುದು ಹೀಗೆ. ಸ್ವಲ್ಪ ಹಗುರ ಇರುವ ದಿನ ಕೂರಿ. ಕುಸಿದ ದಿನ ಆರಿಸುವ ಶಕ್ತಿಯೇ ಇರುವುದಿಲ್ಲ. ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ನಿಮ್ಮ ಭಾರಕ್ಕೆ ಜೊತೆ ಕೊಡುವ ಒಂದು ಅಥವಾ ಎರಡು ಹಾಡು ಇರಲಿ. ಅದು ಯಕ್ಷಗಾನದ ಶೋಕದ ಪದ್ಯ ಆಗಬಹುದು, ದಾಸರ ಪದ ಆಗಬಹುದು, ಹಳೇ ಸಿನಿಮಾ ಹಾಡೂ ಆಗಬಹುದು. ಎರಡನೆಯದರಲ್ಲಿ ದುಃಖವೂ ಅಲ್ಲ, ಕುಣಿತವೂ ಅಲ್ಲ ಅನ್ನುವಂಥವು. ಕೊಳಲು, ವಚನ ಗಾಯನ, ಯಮನ್ ರಾಗದ ಆಲಾಪ, ಹೀಗೆ. ಕೊನೆಯದರಲ್ಲಿ ಕೇಳುತ್ತಿದ್ದರೆ ಕಾಲು ತಾನಾಗಿ ತಾಳ ಹಾಕುವ ಒಂದು ಹಾಡು. ಒಟ್ಟು 20ರಿಂದ 25 ನಿಮಿಷ ಸಾಕು. ಮೊದಲ ಭಾಗದಲ್ಲಿ ಎರಡಕ್ಕಿಂತ ಜಾಸ್ತಿ ಹಾಡು ಬೇಡವೇ ಬೇಡ. ಅಲ್ಲೇ ಸಿಕ್ಕಿಬೀಳುತ್ತೀರಿ, ನನ್ನ ಹಾಗೆ.

ಯಾರದ್ದೋ ನೆನಪು ಬಲವಾಗಿ ಅಂಟಿಕೊಂಡಿರುವ ಹಾಡಿದ್ದರೆ ಅದನ್ನು ಸದ್ಯಕ್ಕೆ ಹೊರಗಿಡಿ. ಅಂಥದ್ದನ್ನು ಆಪ್ತಸಮಾಲೋಚಕರ ಎದುರು ಕೇಳುವುದೇ ಒಳ್ಳೆಯದು.

ಪಟ್ಟಿಯನ್ನು ಫೋನಿಗೆ ಇಳಿಸಿಕೊಂಡಿರಿ. ನೆಟ್‌ವರ್ಕ್ ನಂಬಿ ಕೂತರೆ ನಮ್ಮ ಕಡೆ ಮಳೆಗಾಲದಲ್ಲಿ ಆತಂಕ ಜಾಸ್ತಿಯೇ ಆಗುತ್ತದೆ! ಬ್ಯಾಟರಿ ರೇಡಿಯೋ ಇದ್ದರೆ ಇನ್ನೂ ಒಳ್ಳೆಯದು. ಕಾರವಾರ, ಧಾರವಾಡ ಆಕಾಶವಾಣಿ ಹಾಕಿದರೆ ಆರಿಸುವ ತಲೆಬಿಸಿಯೂ ಇಲ್ಲ.

ಕೇಳುವ ಹೊತ್ತು, ಆಮೇಲಿನ ಮೌನ

ದಿನಾ ಒಂದೇ ಹೊತ್ತಿಗೆ ಕೂರಿ. ಖಿನ್ನತೆಯಲ್ಲಿ "ಮನಸ್ಸು ಬಂದಾಗ ಮಾಡುತ್ತೇನೆ" ಅಂದರೆ ಆ ಹೊತ್ತು ಬರುವುದೇ ಇಲ್ಲ. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ನಾನು ಮಧ್ಯಾಹ್ನ ನಾಲ್ಕಕ್ಕೆ ಕೂರುತ್ತಿದ್ದೆ, ಅದರ ಬೆನ್ನಿಗೇ ನನ್ನ ಕೆಟ್ಟ ಹೊತ್ತು ಬರುತ್ತಿತ್ತು. ನಿಮ್ಮ ಕೆಟ್ಟ ಹೊತ್ತು ಯಾವುದು ನೋಡಿ, ಅದಕ್ಕಿಂತ ಅರ್ಧ ಗಂಟೆ ಮೊದಲು ಇಟ್ಟುಕೊಳ್ಳಿ.

ಕೇಳುವಾಗ ಬರೀ ಕೇಳಿ. ಕೈಯಲ್ಲಿ ಬೇರೆ ಮೊಬೈಲ್ ಬೇಡ. ಸುಮ್ನೆ ಕೂರುವುದು ಹಿಂಸೆಯಾದರೆ ಅಡಿಕೆ ಸುಲಿಯುವುದೋ, ಹೂವು ಕಟ್ಟುವುದೋ, ಕೈಗೊಂದು ಕೆಲಸ ಇರಲಿ.

ಎಲ್ಲ ಹಾಡು ಮುಗಿದ ಮೇಲೆ ಎರಡು ನಿಮಿಷ ಏನೂ ಹಾಕಬೇಡಿ. ಇದು ನನಗೆ ಮೊದಲು ಸುಳ್ಳು ಅನ್ನಿಸಿತ್ತು. 2006ರಲ್ಲಿ ಇಟಲಿಯ ಸಂಶೋಧಕರು 24 ಜನರಿಗೆ ಬೇರೆ ಬೇರೆ ಸಂಗೀತ ಕೇಳಿಸಿ ಉಸಿರು, ಎದೆಬಡಿತ, ರಕ್ತದೊತ್ತಡ ಅಳೆದಿದ್ದರು. ಅದರಲ್ಲಿ ನಮ್ಮ ಸಿತಾರ್ ರಾಗವೂ ಇತ್ತು. ಲಯ ಜೋರಾದಷ್ಟೂ ಉಸಿರು, ಎದೆಬಡಿತ ಏರಿದವು. ಸಂಗೀತ ಯಾವ ಶೈಲಿಯದು ಎನ್ನುವುದಕ್ಕಿಂತ ಅದರ ವೇಗವೇ ಮುಖ್ಯವಾಗಿ ಕಂಡಿತು. ಸೋಜಿಗ ಎಂದರೆ, ನಡುವೆ ಸಂಗೀತ ನಿಲ್ಲಿಸಿದ ಎರಡು ನಿಮಿಷದ ಮೌನದಲ್ಲಿ ದೇಹ ಎಲ್ಲಕ್ಕಿಂತ ಜಾಸ್ತಿ ಸಡಿಲಗೊಂಡಿತ್ತು. ಕೇಳಲು ಶುರು ಮಾಡುವ ಮೊದಲು ಇದ್ದುದಕ್ಕಿಂತಲೂ ಜಾಸ್ತಿ. ಆ ಎರಡು ನಿಮಿಷ ಹಂಚಿನ ಮೇಲೆ ಬೀಳುವ ಮಳೆ ಕೇಳಿ, ಸಾಕು.

ಎದೆ ಢವಢವ ಅಂದಾಗ

ಆತಂಕಕ್ಕೆ ಬೇರೆ ಲೆಕ್ಕ. ಇಲ್ಲಿ ಹಾಡಿನ ಸಾಹಿತ್ಯಕ್ಕಿಂತ ಲಯ ಮತ್ತು ಉಸಿರು ಮುಖ್ಯ. ನಿಮಿಷಕ್ಕೆ 60ರಿಂದ 80 ಬಡಿತದ ಸಂಗೀತ ಹುಡುಕಿ. ಅಳೆಯುವುದು ಸುಲಭ. 15 ಸೆಕೆಂಡಿನಲ್ಲಿ ಎಷ್ಟು ಚಪ್ಪಾಳೆ ಬೀಳುತ್ತದೆ ಎಣಿಸಿ, ನಾಲ್ಕರಿಂದ ಗುಣಿಸಿ. ಮಾತಿಲ್ಲದ ಸಂಗೀತ ಒಳ್ಳೆಯದು. ಮಾತಿದ್ದರೆ ಮನಸ್ಸು ಮಾತಿನ ಹಿಂದೆ ಓಡುತ್ತದೆ.

ತೀರಾ ಗಾಬರಿಯಲ್ಲಿರುವಾಗ ಒಮ್ಮೆಲೇ ತೀರಾ ನಿಧಾನ ಲಯದ ವಿಲಂಬಿತ ಖ್ಯಾಲ್ ಹಾಕಬೇಡಿ. ತಾಳದ ಎರಡು ಬಡಿತಗಳ ನಡುವಿನ ಜಾಗದಲ್ಲಿ ನೂರು ಯೋಚನೆ ಬಂದು ಕೂರುತ್ತವೆ. ಮಧ್ಯಲಯದಿಂದ ಶುರು ಮಾಡಿ, ಆಮೇಲೆ ನಿಧಾನಕ್ಕೆ ಇಳಿಯಿರಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಗುನುಗುವುದು. ಫೋನಿನಲ್ಲಿ ತಂಬೂರಿಯ ಶ್ರುತಿ ಹಾಕಿ. ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಬೆನ್ನು ಗೋಡೆಗೆ ಆನಿಸಿ, ಪಾದ ನೆಲಕ್ಕೆ ಊರಿ ಕೂರಿ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ಎಳೆಯಿರಿ. ಬಾಯಿ ಮುಚ್ಚಿ, "ಮ್" ಎಂದು ಷಡ್ಜದಲ್ಲಿ, ಅಂದರೆ 'ಸ' ಸ್ವರದಲ್ಲಿ, ಗುನುಗುತ್ತ ಆರು ಎಣಿಸುವಷ್ಟು ಬಿಡಿ. ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವುದು ಉದ್ದವಾದಾಗ ಎದೆಬಡಿತ ನಿಧಾನವಾಗುತ್ತದೆ, ದೇಹ ತಾನಾಗಿ ತಣಿಯುತ್ತದೆ. ಐದು ನಿಮಿಷ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ, ಮಾಮೂಲಿಯಂತೆ ಉಸಿರಾಡಿ. ಕಣ್ಣು ಮುಚ್ಚಿದರೆ ಕೆಲವರಿಗೆ ಗಾಬರಿ ಜಾಸ್ತಿಯಾಗುತ್ತದೆ. ಅಂಥವರು ಕಣ್ಣು ಬಿಟ್ಟು, ಅಂಗಳದ ತುಳಸಿ ಕಟ್ಟೆಯನ್ನೋ ಇನ್ನೇನನ್ನೋ ನೋಡುತ್ತ ಮಾಡಿ.

ಇದನ್ನು ನೆಮ್ಮದಿಯಾಗಿ ಇರುವಾಗಲೇ ಒಂದು ವಾರ ರೂಢಿ ಮಾಡಿಕೊಳ್ಳಿ. ಈಜು ಕಲಿಯುವುದು ನೆರೆ ಬಂದ ದಿನ ಅಲ್ಲವಲ್ಲ. ಮೊದಲ ಸಲ ಎದೆನೋವು, ಉಸಿರುಗಟ್ಟಿದ ಹಾಗೆ ಆಗಿದ್ದರೆ ಅದನ್ನು ಆತಂಕ ಎಂದು ನೀವೇ ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ.

ಬಾಯಿ ಬಿಡಿ, ಕೈ ಬಡಿಯಿರಿ

"ಯಂಗೆ ಹಾಡಲೆ ಬತ್ತಿಲ್ಲೆ ಮಾರಾಯಾ" ಎಂದು ನಾನೂ ಅಂದಿದ್ದೆ. ನಮ್ಮ ಅತ್ತಿಗೆ ಕೇಳಲಿಲ್ಲ. ಶನಿವಾರ ಸಂಜೆ ಊರ ದೇವಸ್ಥಾನದ ಭಜನೆಗೆ ಎಳೆದುಕೊಂಡು ಹೋದಳು. ಮೊದಲ ಎರಡು ವಾರ ಬರೀ ತಾಳ ಹಿಡಿದು ಕೂತಿದ್ದೆ. ಮೂರನೇ ವಾರ, ಎಲ್ಲರೂ ಒಟ್ಟಿಗೆ ಎತ್ತುವ ಸಾಲಿಗೆ ನನ್ನ ದನಿಯೂ ಸೇರಿತು. ಯಾರೂ ತಿರುಗಿ ನೋಡಲಿಲ್ಲ. ಅದೇ ದೊಡ್ಡ ಸಮಾಧಾನ. "ಈಗ ಹೇಗಿದ್ದೀಯಾ" ಎಂದು ಕೇಳದ ಜನರ ನಡುವೆ ಒಂದು ಗಂಟೆ ಇರುವುದು ಎಷ್ಟು ಹಿತ, ಖಿನ್ನತೆ ಅನುಭವಿಸಿದವರಿಗೇ ಗೊತ್ತು.

ನಮ್ಮ ಜಿಲ್ಲೆಯಲ್ಲಿ ಹಾಡು ವೇದಿಕೆಯ ಸೊತ್ತಾಗಿರಲಿಲ್ಲ. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯಿರಿ. ತಮ್ಮ ಹಾಲಕ್ಕಿ ಸಮುದಾಯದ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನೆಟ್ಟಿ ಮಾಡುವಾಗ, ಬೀಸುವಾಗ, ಮದುವೆಯಲ್ಲಿ ಹಾಡಿದ ಹೆಂಗಸರು ಶ್ರುತಿ ಸರಿ ಇದೆಯೇ ಎಂದು ನೋಡಿಕೊಂಡು ಹಾಡಿದವರಲ್ಲ. ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಇನ್ನೂ ಇದ್ದರೆ ಹೋಗಿ ಒಂದು ಹಾಡು ಹೇಳಿಸಿಕೊಳ್ಳಿ. ಬರೆದುಕೊಳ್ಳಿ. ಈ ನೆವದಲ್ಲಿ ಮನೆಯಿಂದ ಹೊರಗೆ ಬಿದ್ದ ಹಾಗೂ ಆಯಿತು.

ಮೈ ಮರಗಟ್ಟಿದಂತೆ, ಏನೂ ಅನ್ನಿಸದಂತೆ ಇರುವ ದಿನ ತಾಳವಾದ್ಯ ಒಳ್ಳೆಯದು. ಹಾಲಕ್ಕಿಗಳ ಗುಮಟೆ, ಸಿದ್ದಿಗಳ ಡಮಾಮಿ, ಯಕ್ಷಗಾನದ ಚಂಡೆ, ಎಲ್ಲವೂ ಕೇಳಿದವರನ್ನು ಕೂರಲು ಬಿಡದ ವಾದ್ಯಗಳು. ಮನೆಯಲ್ಲಿ ಅವು ಇಲ್ಲದಿದ್ದರೆ ಖಾಲಿ ಡಬ್ಬಿ ತೆಗೆದುಕೊಳ್ಳಿ. ಹಾಡು ಹಾಕಿ, ಹತ್ತು ನಿಮಿಷ ಅದರ ಜೊತೆ ಬಡಿಯಿರಿ. ಮಕ್ಕಳಿದ್ದರೆ ತಾವಾಗಿ ಬಂದು ಸೇರಿಕೊಳ್ಳುತ್ತವೆ. ಆತಂಕ ಜೋರಾಗಿರುವ ದಿನ ಮಾತ್ರ ಚಂಡೆ ಬೇಡ.

ಕರಾವಳಿಯ ಗೆಳೆಯನೊಬ್ಬ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸ ಮಾಡುತ್ತಾನೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕೈಯಲ್ಲಿ ಕೆಲಸ ಇಲ್ಲ, ಕಾಸಿಲ್ಲ, ಸಂಜೆಯಾದರೆ ಬಾಟಲಿ. ಅವನೂ ಈಗ ಮಾತ್ರೆಯಲ್ಲಿದ್ದಾನೆ. ಬಲೆ ಹೆಣೆಯುತ್ತ ನಾಲ್ಕು ಜನ ಸೇರಿ ಕೊಂಕಣಿ ಹಾಡು ಹೇಳುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಇಂಥ ಮಾತ್ರೆಗಳ ಜೊತೆ ಕುಡಿತ ಅಪಾಯ ಎಂದು ಡಾಕ್ಟರು ಅವನಿಗೆ ಖಡಾಖಂಡಿತ ಹೇಳಿದ್ದಾರೆ. ನಿಮಗೂ ಅದೇ ಅನ್ವಯ.

ದುಡ್ಡು ಕಳೆದುಕೊಳ್ಳಬೇಡಿ

ಇಂಥ ರಾಗ ಕೇಳಿದರೆ ಇಂಥ ರೋಗ ವಾಸಿ ಎಂಬ ಪಟ್ಟಿಗಳು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತವೆ. ಬೆಳಿಗ್ಗೆ ಭೈರವ, ಸಂಜೆ ಯಮನ್, ರಾತ್ರಿ ಮಾಲಕಂಸ ಎಂದು ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಹೊತ್ತು ಇರುವುದು ನಿಜ. ಆ ಹೊತ್ತಿಗೆ ಕೇಳಿದರೆ ಸುಖ ಇದೆ. ಅದು ರಸಿಕರ ಸಂಪ್ರದಾಯ, ವೈದ್ಯರ ಚೀಟಿಯಲ್ಲ. ಹಸಣಗಿ ಗಣಪತಿ ಭಟ್ಟರ ಹಿಂದೂಸ್ತಾನಿ ಗಾಯನ ನನಗೆ ತಂಪು ಕೊಡುತ್ತದೆ. ನಿಮಗೆ ಹಳೇ ರಾಜಕುಮಾರ್ ಹಾಡು ಕೊಟ್ಟರೆ ಅದೇ ಸರಿ. ನಿಮಗೆ ಗೊತ್ತಿರುವ, ನಿಮಗೆ ಹಿಡಿಸಿದ ಸಂಗೀತವೇ ನಿಮಗೆ ಕೆಲಸ ಮಾಡುವುದು.

ವಿಶೇಷ ತರಂಗದ ಸಂಗೀತ ಎಂದು ಒಬ್ಬರು ನನಗೆ ಪೆನ್‌ಡ್ರೈವ್ ಒಂದನ್ನು ಎರಡು ಸಾವಿರ ರೂಪಾಯಿಗೆ ಮಾರಿದರು. 21 ದಿನ ಕೇಳಿದರೆ ಮಾತ್ರೆಯೇ ಬೇಡ ಅಂದಿದ್ದರು. ಅದರಲ್ಲಿ ಇದ್ದದ್ದು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವ ಕೊಳಲು. "ಮಾತ್ರೆ ಬೇಡ" ಎಂದು ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕಿವಿಯನ್ನೂ ನೋಡಿಕೊಳ್ಳಿ. 80 ಡೆಸಿಬಲ್ ಮೀರದಂತೆ ವಾರಕ್ಕೆ 40 ಗಂಟೆ, ಇದು ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ. ಫೋನಿನ ದನಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಇದ್ದರೆ ಸಾಕು. ಮಲಗುವಾಗ ಇಯರ್‌ಫೋನ್ ಬೇಡ, ದೂರದಲ್ಲಿ ಸಣ್ಣಗೆ ಸ್ಪೀಕರ್ ಇಟ್ಟು, ಅರ್ಧ ಗಂಟೆಗೆ ತಾನಾಗಿ ನಿಲ್ಲುವಂತೆ ಮಾಡಿ. ಇಲ್ಲದ ದನಿಗಳು ಕೇಳಿಸುವವರು, ವಿಪರೀತ ಹುರುಪು ಬಂದು ನಿದ್ದೆಯೇ ಬೇಡ ಅನ್ನಿಸುವವರು ಡಾಕ್ಟರನ್ನು ಕೇಳಿಯೇ ಇದನ್ನೆಲ್ಲ ಶುರು ಮಾಡಬೇಕು.

ಮನೆಯವರಿಗೆ ಎರಡು ಮಾತು

"ಹಾಡು ಕೇಳು, ಸರಿ ಹೋಗ್ತದೆ" ಎಂದು ಹೇಳಿ ಹೋಗಬೇಡಿ. ಪಕ್ಕ ಕೂತು ನೀವೂ ಕೇಳಿ. ಯಾವ ಹಾಡು ಎಂದು ಅವರೇ ಆರಿಸಲಿ. ಅಳು ಬಂದರೆ ಬರಲಿ, ಬಂದ್ ಮಾಡಲು ಓಡಬೇಡಿ. ದಿನಾ ಅಳುವೇ ಆಗಿ, ಆಮೇಲೆ ಇನ್ನೂ ಕುಸಿದರೆ ಮಾತ್ರ ಪಟ್ಟಿ ಬದಲಿಸಿ, ಡಾಕ್ಟರಿಗೆ ತಿಳಿಸಿ.

ಒಂದು ನೋಟ್‌ಬುಕ್

ಮಕ್ಕಳ ಹಳೇ ನೋಟ್‌ಬುಕ್ಕೇ ಸಾಕು. ಕೇಳುವ ಮೊದಲು ಮನಸ್ಸಿನ ಭಾರಕ್ಕೆ 0ಯಿಂದ 10ರೊಳಗೆ ಒಂದು ಅಂಕ ಹಾಕಿ. ಹಾಡು ಮುಗಿದು, ಎರಡು ನಿಮಿಷದ ಮೌನವೂ ಮುಗಿದ ಮೇಲೆ ಇನ್ನೊಂದು ಅಂಕ. ಪಕ್ಕದಲ್ಲಿ ಏನು ಕೇಳಿದಿರಿ, ಅಥವಾ ಏನು ಹಾಡಿದಿರಿ ಎಂದು ಒಂದು ಸಾಲು. ಹಿಂದಿನ ರಾತ್ರಿಯ ನಿದ್ದೆ ಎಷ್ಟು ಗಂಟೆ ಎಂದೂ ಬರೆಯಿರಿ. ಹಾಡು ಕೇಳುವಾಗ ಹಿತವಾಗಿದ್ದು, ಮುಗಿದ ಮೇಲೆ ಅಂಕ ಏರುತ್ತಿದ್ದರೆ ಆ ಹಾಡು ತೆಗೆಯಿರಿ. ನನ್ನ ವಿರಹದ ಹಾಡು ಸಿಕ್ಕಿಬಿದ್ದದ್ದು ಹೀಗೆಯೇ. ಅಂಕ ಮೂರು ವಾರ ಅಲ್ಲಾಡದೆ 8, 9ರಲ್ಲೇ ನಿಂತಿದ್ದರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಏನೂ ಮಾಡಲಾಗದ ದಿನಗಳು ಬಂದೇ ಬರುತ್ತವೆ. ಆ ದಿನ ಪಟ್ಟಿಯ ಒಂದೇ ಒಂದು ಹಾಡು, ಮಲಗಿಕೊಂಡೇ. ಅದೂ ಆಗದಿದ್ದರೆ ನೋಟ್‌ಬುಕ್‌ನಲ್ಲಿ "ಇವತ್ತು ಆಗಲಿಲ್ಲ" ಎಂದು ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ನೋಟ್‌ಬುಕ್ ಚೀಲದಲ್ಲಿ ಇರಲಿ. ನನ್ನ ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದ್ದು ಅದರ ಎರಡು ಪುಟ ತಿರುವಿ ನೋಡಿದ ಮೇಲೆ.